ಖಣದ ಕಾಲರು

ಗೋವಾದ ಝುವಾರಿನಗರದಲ್ಲಿ ಶಿವವ್ವನ ಮನೆ ಯಾವುದೆಂದು ಕೇಳಬೇಕಾಗಿಲ್ಲ, ಹೊಲಿಗೆ ಮಷಿನ್ನಿನ ಸದ್ದು ಹಿಡಿದು ಹೋದರೆ ಸಾಕು. ಒಂದೇ ಕೋಣೆ, ಒಂದೇ ಕಿಟಕಿ, ಕಿಟಕಿಗೆ ತಾಗಿ ಮಷಿನ್. ಅಳತೆ ಕೊಡುವುದು, ತಕರಾರು ತೆಗೆಯುವುದು, ಊರಿನ ಸುದ್ದಿ ಹೇಳುವುದು ಎಲ್ಲ ಆ ಕಿಟಕಿಯಲ್ಲೇ. ನನ್ನ ಬ್ಲೌಸು ಹೊಲಿಯುವವಳೂ ಅವಳೇ. ನಾನು ವರ್ಷದಿಂದ ವರ್ಷಕ್ಕೆ ದಪ್ಪಗಾದರೂ ಅದನ್ನು ಬಾಯಿಬಿಟ್ಟು ಹೇಳಿದವಳಲ್ಲ. "ಅಳತಿ ಬ್ಲೌಸ್ ಒಗದು ಒಗದು ಕುಗ್ಗೇತ್ರಿ ಅಕ್ಕಾರ, ಒಂದ್ ಸೊಲ್ಪ ಬಿಡತೇನಿ" ಅನ್ನುತ್ತಾಳೆ. ಇಂಥ ದರ್ಜಿಯನ್ನು ಯಾರು ಬಿಡುತ್ತಾರೆ?

ಅವಳ ಗಂಡ ಹೀರಪ್ಪ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ. ಊರಿಗೆ ಹೋದಾಗಲೆಲ್ಲ ಹೆಂಡತಿಯ ಕುಬಸಕ್ಕೆಂದು ಒಂದು ಗುಳೇದಗುಡ್ಡದ ಖಣ ತರುತ್ತಿದ್ದ, ಪ್ರತಿ ಸಲವೂ ಬೇರೆ ಬಣ್ಣದ್ದು. ಓಣಿಯವರ ಕುಬಸ ಹೊಲಿಯುವ ಗಡಿಬಿಡಿಯಲ್ಲಿ ಶಿವವ್ವನಿಗೆ ತನ್ನದನ್ನು ಹೊಲಿದುಕೊಳ್ಳಲು ಪುರಸೊತ್ತಾಗುತ್ತಿರಲಿಲ್ಲ. ಖಣಗಳು ಟ್ರಂಕಿಗೆ ಸೇರುತ್ತಿದ್ದವು. ಹೀರಪ್ಪ ತೀರಿಕೊಂಡ ಮೇಲೆ ಪುರಸೊತ್ತು ಬೇಕಾದಷ್ಟಿತ್ತು, ಆದರೆ ತೊಡುವ ಹಾಗಿರಲಿಲ್ಲ. ಅವನ್ನಿಟ್ಟು ಯಾರಿಗಾದರೂ ಉಡಿ ತುಂಬಬಾರದೇ ಎಂದು ಒಮ್ಮೆ ಕೇಳಿದೆ. ಅವಳು ಹಲ್ಲಿನಲ್ಲಿ ದಾರ ಕಡಿದು, "ಗಂಡ ಸತ್ತಾಕಿ ಕೈಯಾಗಿನ ಖಣ ಯಾರು ತಗೋತಾರ್ರಿ?" ಎಂದಳು. ವಾಸ್ಕೋ ಬಸ್ಸು ಹೋಯಿತು ಎಂದು ಹೇಳುವ ದನಿಯಲ್ಲಿ.

ಈ ಸಲ ಓಣಿಯ ಟೆನಿಸ್ ಬಾಲ್ ಕ್ರಿಕೆಟ್ ತಂಡ, ಸಂಗಮೇಶ್ವರ ಇಲೆವನ್, ಮೊದಲ ಬಾರಿಗೆ ಯೂನಿಫಾರ್ಮ್ ಮಾಡಿಸಿತು. ನಾಯಕ ಮಾಂತೇಶ, ವೆಲ್ಡಿಂಗ್ ಕೆಲಸದವನು, ವಾಸ್ಕೋ ಮಾರ್ಕೆಟ್ಟಿನಿಂದ ಕಡುನೀಲಿ ಟೀ ಶರ್ಟುಗಳನ್ನು ತಂದ. ತಂದ ಮೇಲೆ ಗೊತ್ತಾಯಿತು, ಭಾನುವಾರ ಆಡಬೇಕಾಗಿದ್ದ ಚಿಂಬಲ್ ತಂಡದವರೂ ಅದೇ ಅಂಗಡಿಯಿಂದ ಅದೇ ಅಂಗಿ ಒಯ್ದಿದ್ದರು. ಬೇರೆ ಬಣ್ಣದ ಕಾಲರ್ ಹಚ್ಚಿಸೋಣ ಎಂದು ತೀರ್ಮಾನವಾಯಿತು. ಯಾವ ಬಣ್ಣ?

ನಾನು ಪಾಠ ಮಾಡುವ ಕಾನ್ವೆಂಟಿನ ಸಿಸ್ಟರುಗಳು ಯೂನಿಫಾರ್ಮಿನ ಬಣ್ಣದ ಬಗ್ಗೆ ಯಾರ ಅಭಿಪ್ರಾಯವನ್ನೂ ಕೇಳಿದವರಲ್ಲ. ಬೂದು ಎಂದರೆ ಬೂದು. ಮಾಂತೇಶ ಕೇಳಿಬಿಟ್ಟ. ಅದೂ ಕಂಠೆಪ್ಪನ ಚಹಾದಂಗಡಿಯಲ್ಲಿ.

"ಹಳದಿ-ಕೆಂಪು ಮಾಡ್ರಿ, ನಮ್ಮ ಕನ್ನಡದ ಬಣ್ಣ," ಎಂದ ಗೌಂಡಿ ನಿಂಗಣ್ಣ.

"ಆಟೋ ಸ್ಟ್ಯಾಂಡಿನ ಬೋರ್ಡ್ ಕಂಡಂಗ ಕಾಣ್ತಾರ. ಮರೂನ್ ಮಾಡ್ರಿ, ಗಂಭೀರ ಇರ್ತೈತಿ," ಎಂದ ಕಂಠೆಪ್ಪ. ಜೀವಮಾನದಲ್ಲಿ ಬ್ಯಾಟು ಹಿಡಿದವನಲ್ಲ, ಆದರೆ ಅವನ ಅಂಗಡಿಯ ಬಾಗಿಲು ಮರೂನು.

"ಮರೂನಿಗೆ ಮಣ್ಣು ಹತ್ತಿದ್ದು ಕಾಣಂಗಿಲ್ಲಪಾ. ಹುಡುಗರು ಡೈವ್ ಹೊಡದದ್ದಕ್ಕ ಸಾಕ್ಷಿ ಬ್ಯಾಡೇನು?" ಎಂದ ನಿಂಗಣ್ಣ.

"ಗುಲಾಬಿ ಮಾಡ್ರೋ, ದೂರಿಂದ ಕಾಣ್ತೈತಿ," ಎಂದಳು ಚುರಮುರಿ ಮಾರುವ ಹಸೀನಾ. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಒಂದೇ ಒಂದು ವಿಷಯದಲ್ಲಿ ಎಲ್ಲರೂ ಒಂದಾದರು: ಹಸಿರು ಬೇಡವೇ ಬೇಡ, ಹುಲ್ಲಿನಲ್ಲಿ ಕಾಣುವುದಿಲ್ಲ. ಆ ಮೈದಾನದಲ್ಲಿ ಇರುವುದು ಬರೀ ಕೆಂಪುಮಣ್ಣು, ಒಂದು ಎಸಳು ಹುಲ್ಲಿಲ್ಲ. ಆದರೂ ಒಮ್ಮತ ಒಮ್ಮತವೇ.

ಆಮೇಲೆ ಒಬ್ಬೊಬ್ಬರೇ ಶಿವವ್ವನ ಕಿಟಕಿಗೆ ಬಂದು, ಬೇರೆಯವರ ಮಾತು ಕೇಳಬೇಡ ಎಂದು ಗುಟ್ಟಾಗಿ ಹೇಳಿಹೋದರು. ಶನಿವಾರದ ಹೊತ್ತಿಗೆ ಅವಳ ಸಹನೆಯ ದಾರ ಕಡಿಯಿತು. "ನಡೀರಿ ಎಲ್ಲಾರೂ! ಎಲ್ಲಾರ ಬಣ್ಣಾನೂ ಹಚ್ಚತೇನಿ," ಎಂದವಳೇ ಟ್ರಂಕು ತೆಗೆದು ಖಣಗಳಿಗೆ ಕತ್ತರಿ ಹಾಕಿದಳು. ಹಸಿರೊಂದನ್ನು ಮಾತ್ರ ಮಡಿಚಿ ಒಳಗಿಟ್ಟಳು.

ಭಾನುವಾರ ಬೆಳಿಗ್ಗೆ ಅಂಗಿ ಒಯ್ಯಲು ಬಂದ ಮಾಂತೇಶ ಕಿಟಕಿಯಲ್ಲೇ ನಿಂತುಬಿಟ್ಟ. ಒಬ್ಬನಿಗೆ ಹಳದಿ ಕಾಲರ್, ಒಬ್ಬನಿಗೆ ಮರೂನ್, ಒಬ್ಬನಿಗೆ ಗುಲಾಬಿ. ಒಂದರಂತೆ ಒಂದಿಲ್ಲ.

"ಚಿಗವ್ವಾ, ಯೂನಿಫಾರ್ಮ್ ಅಂದ್ರ ಎಲ್ಲಾ ಒಂದ ಥರ ಇರಬೇಕಲ್ಲಬೇ?"

"ಅಂಗಿ ಒಂದ ಥರ ಅದಾವಲ್ಲೋ. ಕುತಗಿ ನಿಮ್ಮ ನಿಮ್ಮವು."

ಅವನು ನಗುವಷ್ಟರಲ್ಲಿ ಹಿಂದಿನಿಂದ ಅವನ ಅವ್ವ ಗೌರವ್ವ ಬಂದಳು. ಕಾಲರ್ ಮುಟ್ಟಿ ನೋಡಿದಳು. "ಇವು ನಿನ್ನ ಖಣ ಅಲ್ಲೇನ ಶಿವವ್ವ? ಗೆಲ್ಲಾಕ ಹೊಂಟ ಹುಡುಗರ ಕೊಳ್ಳಿಗೆ ಇವನ್ಯಾಕ ಸುತ್ತಿದಿ? ಸೋತ್ರ ಯಾರ ಮ್ಯಾಲೆ ಬರ್ತೈತಿ?"

ಪೆಡಲಿನ ಮೇಲಿದ್ದ ಶಿವವ್ವನ ಕಾಲು ನಿಂತಿತು. ಬಣ್ಣದ ಜಗಳ ಬಿಡಿಸುವ ಭರದಲ್ಲಿ ಅವಳು ಅದೊಂದನ್ನು ಮರೆತಿದ್ದಳು. "ಬಿಚ್ಚತೇನಿ, ಕೊಡು," ಎಂದು ಬ್ಲೇಡಿಗೆ ಕೈ ಚಾಚಿದಳು.

"ಟಾಸಿಗೆ ಹೊತ್ತಾತಬೇ," ಎಂದು ಮಾಂತೇಶ ಕುಂಕುಮ ಬಣ್ಣದ ಕಾಲರಿನ ಅಂಗಿಯನ್ನು ಅಲ್ಲೇ ತಲೆಗೆ ಹಾಕಿಕೊಂಡು, ಉಳಿದವನ್ನು ಹೆಗಲಿಗೇರಿಸಿ ಓಡಿದ.

ತಂಡದ ಬಣ್ಣ ಬಯಲಾಯಿತು, ಬಯಲಿನಲ್ಲೇ. "ಏ ಕುಬಸದ ಟೀಮ್! ಹುಕ್ಸ್ ಹಾಕ್ಕೊಂಡ್ರೇನ್ರೋ?" ಎಂದು ಚಿಂಬಲ್ ಕಡೆಯವರು ಕೂಗಿದರು.

ಕಂಠೆಪ್ಪ ಕಿಟ್ಲಿ ಕೆಳಗಿಟ್ಟ. "ನಿಮ್ಮವ್ವಗ ಹೇಳ್ಲೇನೋ, ಮಗ ಕುಬಸಾ ನೋಡಿ ನಗಾಕತ್ತಾನಂತ?"

ಶಿವವ್ವ ಮೈದಾನಕ್ಕೆ ಬರಲಿಲ್ಲ. ದಿಬ್ಬದ ಮೇಲಿನ ಆ ಮೈದಾನದ ಕೇಕೆ ಅವಳ ಕಿಟಕಿಗೆ ಕೇಳುತ್ತದೆ, ಯಾರು ಹಾಕಿದ್ದೆಂದು ತಿಳಿಯುವುದಿಲ್ಲ. ಕೊನೆಯ ಬಾಲಿಗೆ ಎರಡು ರನ್ ಬೇಕಿತ್ತು. ಮಾಂತೇಶ ಎರಡನೆಯದಕ್ಕೆ ಓಡಿ, ನಡುದಾರಿಯಲ್ಲಿ ಮನಸ್ಸು ಬದಲಿಸಿ, ರನ್ ಔಟಾದ. ಸೋತೆವು.

ನಾನು ಗೌರವ್ವನ ಬಾಯಿ ನೋಡುತ್ತ ನಿಂತೆ. ಅದು ತೆರೆಯಿತು ಕೂಡ. ಆದರೆ ಅವಳಿಗೆ ಮಾತಾಡಲು ಯಾರೂ ಜಾಗ ಕೊಡಲಿಲ್ಲ.

"ಹಳದಿ ಕಾಲರ್ ಸಿಕ್ಸ್ ಹೊಡದದ್ದು ನೋಡಿದ್ರಿಲ್ಲೋ?" ಎಂದ ನಿಂಗಣ್ಣ.

"ಕ್ಯಾಚ್ ಹಿಡದಾಂವ ಮರೂನ್!" ಎಂದ ಕಂಠೆಪ್ಪ.

"ಗುಲಾಬಿ ಕೈಯಾಗ ಬಾಲ್ ಕೊಟ್ಟಿದ್ರ ಯಾವಾಗೋ ಗೆಲ್ತಿದ್ರಿ," ಎಂದಳು ಹಸೀನಾ, "ನನ್ನ ಮಾತು ಯಾರು ಕೇಳ್ತೀರಿ?"

ಸೋಲಿನ ಹೊರೆಯೆಲ್ಲ ಮಾಂತೇಶನ ಕಾಲಿನ ಮೇಲೆ ಬಿತ್ತು. ಖಣದ ಮೇಲೆ ಒಂದು ಚೂರೂ ಬೀಳಲಿಲ್ಲ.

ಮರುದಿನದಿಂದ ಕಿಟಕಿಯಲ್ಲಿ ಬೇರೆಯೇ ಗಿರಾಕಿ. ಕಂಠೆಪ್ಪನಿಗೆ ಕಿಟ್ಲಿಯ ಹಿಡಿಕೆಗೆ ಸುತ್ತಲು ಮರೂನ್ ಪಟ್ಟಿ ಬೇಕು. ಹಸೀನಾಳಿಗೆ ಬುಟ್ಟಿಗೆ ಕಟ್ಟಲು ಗುಲಾಬಿ. ಓಣಿಯ ಹೆಂಗಸರಿಗೆ ಕರವಸ್ತ್ರದ ಅಂಚಿಗೆ ತಮ್ಮ ತಮ್ಮ ಆಟಗಾರನ ಬಣ್ಣ. ಕತ್ತರಿಸಿ ಉಳಿದ ಚೂರುಗಳನ್ನೆಲ್ಲ ಜಗಳವಾಡಿ ಒಯ್ದರು. ಯಾರ ಕೈಯಿಂದ ಖಣ ತೆಗೆದುಕೊಳ್ಳುತ್ತಿದ್ದೇವೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಶಿವವ್ವನಿಗೆ ಹೊಳೆದಿತ್ತು. ಪ್ರತಿ ಚೂರು ಕೊಡುವಾಗಲೂ ಅವಳ ಕೈ ಕಿಟಕಿಯಾಚೆ ಒಂದು ಗಳಿಗೆ ಹಾಗೇ ನಿಲ್ಲುತ್ತಿತ್ತು.

ನಾನು ಬ್ಲೌಸು ಒಯ್ಯಲು ಹೋದ ದಿನ ಅಲ್ಲಿ ಗೌರವ್ವ ನಿಂತಿದ್ದಳು, ಪಕ್ಕದಲ್ಲಿ ಸೊಸೆ ದ್ರಾಕ್ಷಾಯಿಣಿ. ಏಳು ತಿಂಗಳ ಬಸುರಿ. ಮೈಗೆ ಬೇರೇನೂ ಹಿಡಿಸದೆ ಗಂಡನ ತಂಡದ ಅಂಗಿಯನ್ನೇ ನೈಟಿಯ ಮೇಲೆ ಹಾಕಿಕೊಂಡಿದ್ದಳು, ಕುಂಕುಮ ಬಣ್ಣದ ಕಾಲರ್ ಎತ್ತಿ.

"ಇಕಿ ಕುಬಸಾ ಮಾಡಬೇಕಲ್ಲ," ಎಂದಳು ಗೌರವ್ವ, ರಸ್ತೆಯ ಕಡೆ ನೋಡುತ್ತ. "ಟೀಮಿನ ಖಣಾನ ಬೇಕಂತ ಹಟಾ ಹಿಡದಾಳ. ಪ್ಯಾಟ್ಯಾಗಿಂದು ಬ್ಯಾಡಂತ."

ಶಿವವ್ವ ಟ್ರಂಕು ತೆಗೆದಳು. ಬಸುರಿಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹಸಿರೇ ಆಗಬೇಕು. ಟ್ರಂಕಿನಲ್ಲಿ ಉಳಿದಿದ್ದದ್ದೂ ಅದೊಂದೇ. ಇಲ್ಲದ ಹುಲ್ಲಿಗೆ ಹೆದರಿದ ಅಭಿಮಾನಿಗಳ ಪುಣ್ಯ.

ಖಣವನ್ನು ಮಷಿನ್ನಿನ ಹಲಗೆಯ ಮೇಲಿಟ್ಟು, ಬೆರಳಿನಿಂದ ಕಿಟಕಿಯ ಕಡೆ ಸರಿಸಿದಳು. "ತಗೋಳವಾ. ನೀನ ಎತಗೋ."

ದ್ರಾಕ್ಷಾಯಿಣಿ ಎತ್ತಿಕೊಳ್ಳಲಿಲ್ಲ. ಅಂಗಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಹೊಟ್ಟೆಯ ಮುಂದೆ ಒಡ್ಡಿದಳು. "ನೀನ ಹಾಕಬೇ ಚಿಗವ್ವ."

"ಅಯ್ಯ, ಕ್ರಿಕೆಟ್ ಅಂಗಿಯಾಗ ಯಾರರ ಉಡಿ ತುಂಬ್ತಾರೇನ?" ಎಂದಳು ಗೌರವ್ವ. ಸೊಸೆ ಒಡ್ಡಿದ ಅಂಚು ಬಿಡಲಿಲ್ಲ. ಗೌರವ್ವ ರಸ್ತೆ ನೋಡುವುದನ್ನು ಬಿಟ್ಟು ಒಳಗೆ ನೋಡಿದಳು.

"ಬರೇ ಖಣಾ ಹಾಕಬ್ಯಾಡ ಮತ್ತ," ಎಂದಳು. "ಒಂದ ಮುಷ್ಟಿ ಅಕ್ಕಿನೂ ಹಾಕು."

ಶಿವವ್ವ ಅಕ್ಕಿಯ ಡಬ್ಬಿ ಹುಡುಕಲು ಎದ್ದಳು. ಅದು ಅವಳ ಎದುರಿಗೇ ಇತ್ತು. ತುಂಬಾ ಹೊತ್ತು ಹುಡುಕಿದಳು.