ಅರಿಶಿಣದ ಮೂಲೆಯ ಇಪ್ಪತ್ತೊಂದು ಎಲೆ

ನಮ್ಮ ಮನೆಯಲ್ಲಿ ಒಬ್ಬರು ಡಿಗ್ರಿ ಮುಗಿಸುವುದು ಎಂದೂ ಆಗದ ಕೆಲಸ ಎಂದವನು ನನ್ನ ಸೋದರಮಾವ. ಬಿ.ಎಸ್ಸಿ. ಎರಡನೆಯ ವರ್ಷ ನಾನು ಗಣಿತದಲ್ಲಿ ನಪಾಸಾದಾಗ, ಮಂಗಳೂರಿನ ನಮ್ಮ ಪಡಸಾಲೆಯಲ್ಲಿ ಕೂತು ಅವ್ವನಿಗೆ ಹೇಳಿದ: "ಅಕ್ಕಾ, ನಮ್ಮ ರಕ್ತದಾಗ ಲೆಕ್ಕ ಇಲ್ಲ. ಈಕಿ ಡಿಗ್ರಿ ಮುಗಸೂದಿಲ್ಲ, ಸುಮ್ನ ಬಸ್ ಪಾಸ್ ಸವೀತೈತಿ." ಈ ಮಂಗಳೂರು ಕಡಲ ಕಡೆಯದಲ್ಲ, ಯಲಬುರ್ಗಾ ಕಡೆಯದು.

ಮಾವ ಕೆಟ್ಟವನಲ್ಲ. ಇಸ್ಪೀಟು ಎಲೆಗಳ ಒಂದು ಜಾದೂ ತೋರಿಸುವುದು ಅವನ ಹೆಮ್ಮೆ. ಇಪ್ಪತ್ತೊಂದು ಎಲೆಗಳಲ್ಲಿ ಒಂದನ್ನು ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಅವನು ಎಲ್ಲವನ್ನೂ ಮೂರು ಸಾಲಾಗಿ ಹರಡುತ್ತಾನೆ. ನಿಮ್ಮದು ಯಾವ ಸಾಲಿನಲ್ಲಿದೆ ಎಂದಷ್ಟೇ ಹೇಳಬೇಕು. ಹೀಗೆ ಮೂರು ಸಲ. ಆಮೇಲೆ ಎಲೆಗಳ ಮೇಲೆ ಉಫ್ ಎಂದು ಊದಿ, ಕಣ್ಣು ಮುಚ್ಚಿ, ನಿಮ್ಮ ಎಲೆಯನ್ನು ತೆಗೆದು ಕೊಡುತ್ತಾನೆ. "ಇದು ಕೈಗುಣ. ಕಲಸಾಕ ಬರೂದಿಲ್ಲ," ಎನ್ನುತ್ತಿದ್ದ.

ಆ ವರ್ಷದ ದೀಪಾವಳಿಯಲ್ಲಿ ಅವನು ಊದುವುದನ್ನು ನೋಡುವುದು ಬಿಟ್ಟು ಕೈಯನ್ನೇ ನೋಡಿದೆ. ಕೈ ಏನೂ ಮಾಡುತ್ತಿರಲಿಲ್ಲ. ನಾವು ಹೇಳಿದ ಸಾಲನ್ನು ಪ್ರತಿ ಸಲ ಉಳಿದೆರಡರ ನಡುವೆ ಇಟ್ಟು ಒಟ್ಟುಗೂಡಿಸುತ್ತಿದ್ದ, ಅಷ್ಟೆ.

ನಾನೂ ಮಾಡಿ ನೋಡಬೇಕೆಂದರೆ ಅವ್ವ ಬಿಡಲಿಲ್ಲ. "ಇಸ್ಪೀಟು ಮುಟ್ಟಿದಿ ಅಂದ್ರ ಅಡಿಗಿ ಮನಿಗೆ ಬರಬ್ಯಾಡ." ಅದಕ್ಕೆ ಗೋಡೆಯ ಮಾಡದಲ್ಲಿ ಬಿದ್ದಿದ್ದ ಹಳೆಯ ಲಗ್ನಪತ್ರಿಕೆಗಳನ್ನು ಒಂದೇ ಅಳತೆಗೆ ಕತ್ತರಿಸಿ, ಒಂದರಿಂದ ಇಪ್ಪತ್ತೊಂದರವರೆಗೆ ಅಂಕಿ ಬರೆದೆ. ಎಷ್ಟು ದಿನ ಹರಡಿದೆನೋ, ಕೊನೆಗೆ ಗುಟ್ಟು ಸಿಕ್ಕಿತು. ಬಿದ್ದ ಪೇಪರನ್ನು ಮತ್ತೆ ಬರೆದು ಪಾಸಾದೆ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೂ ಈ ಜಾದೂವಿನ ಲೆಕ್ಕವನ್ನೇ ಆರಿಸಿಕೊಂಡೆ. ಉಳಿದದ್ದು ಮೌಖಿಕ ಪರೀಕ್ಷೆ ಒಂದೇ. ಅದರಲ್ಲಿ ಬಿದ್ದರೆ ಡಿಗ್ರಿ ಇಲ್ಲ. ಇನ್ನೊಂದು ವರ್ಷಕ್ಕೆ ಮನೆಯಲ್ಲಿ ಯಾರೂ ಒಪ್ಪುತ್ತಿರಲಿಲ್ಲ.

ಕೊಪ್ಪಳದ ನಮ್ಮ ಕಾಲೇಜಿಗೆ ಪರೀಕ್ಷಕರು ಗಂಗಾವತಿಯಿಂದ ಬಂದಿದ್ದರು. ನಾನು ಎಲೆ ಹರಡತೊಡಗಿದ್ದೇ ತಡ, ಅವರು ಒಂದನ್ನೆತ್ತಿ ಬೆಳಕಿಗೆ ಹಿಡಿದರು.

"ಏನವ್ವಾ, ಮೂಲ್ಯಾಗ ಅರಿಶಿಣ ಐತಲ್ಲ?"

ನಮ್ಮಲ್ಲಿ ಮೂಲೆಗೆ ಅರಿಶಿಣ ಹಚ್ಚದೆ ಯಾರೂ ಲಗ್ನಪತ್ರಿಕೆ ಕೊಡುವುದಿಲ್ಲ. ಹುಟ್ಟಿದಾಗಿನಿಂದ ನೋಡಿದ ಬಣ್ಣ, ಹಾಗಾಗಿ ಕಣ್ಣಿಗೇ ಬಿದ್ದಿರಲಿಲ್ಲ. ಕೆಲವು ಎಲೆಗೆ ಒಂದು ಮೂಲೆ ಹಳದಿ, ಕೆಲವಕ್ಕೆ ಎರಡು, ಕೆಲವಕ್ಕೆ ಇಲ್ಲವೇ ಇಲ್ಲ.

"ಲಗ್ನಪತ್ರಿಕಿ ರೀ ಸರ್. ಊರಾಗಿನವು."

"ಲಗ್ನ ಛಲೋ ಆಗ್ಯಾವ ಬಿಡು. ಆದ್ರ ಬೆನ್ನು ನೋಡೇ ಎಲಿ ಗುರ್ತು ಹಿಡೀಬಹುದಲ್ಲ? ಇದು ಗಣಿತ ಹೆಂಗಾತು? ಕಳ್ಳಾಟ ಆತು."

ಪಕ್ಕದಲ್ಲಿ ಕೂತಿದ್ದ ನಮ್ಮ ಮೇಡಂ ತಲೆ ತಗ್ಗಿಸಿದರು. ನನಗೆ ಹೊಳೆದದ್ದು ಒಂದೇ ದಾರಿ.

"ಹಂಗಾರ ನಾ ನೋಡೂದಾ ಇಲ್ರಿ. ನೀವ ಎಲಿ ಹಚ್ರಿ," ಎಂದು ಕರಿಹಲಗೆಯ ಕಡೆ ಮುಖ ಮಾಡಿ ನಿಂತೆ. "ಒಂದು ಎಲಿ ನೆನಪಿಟ್ಕೊಳ್ರಿ. ಎಡದಿಂದ ಬಲಕ್ಕ ಒಂದೊಂದಾ ಹಾಕ್ಕೊಂತ ಮೂರು ಸಾಲು ಮಾಡ್ರಿ. ನಿಮ್ಮ ಎಲಿ ಇರೂ ಸಾಲು ನಡುವ ಇಟ್ಟು ಕೂಡಸ್ರಿ. ಹಿಂಗ ಮೂರು ಸಲ ಮಾಡ್ರಿ. ಯಾವ ಸಾಲು ಅಂತ ನನಗ ಹೇಳೂದೂ ಬ್ಯಾಡ."

ಮೂರು ಸಲ ಕಾಗದದ ಸದ್ದು ಕೇಳಿತು.

"ಈಗ ಮ್ಯಾಲಿಂದ ಎಣಸ್ರಿ. ಹನ್ನೊಂದನೇದು ನಿಮ್ದು."

ಎಣಿಸಿದರು. "ಹೂಂ" ಎಂದರು. "ಯಾಕಂತ ಹೇಳು."

ಸೀಮೆಸುಣ್ಣ ಕೈಗೆ ತೆಗೆದುಕೊಂಡೆ. ಮೊದಲ ಸಲ ಸಾಲು ಆರಿಸಿದಾಗ ಇಪ್ಪತ್ತೊಂದರಲ್ಲಿ ಏಳೇ ಉಳಿಯುತ್ತವೆ. ಅವನ್ನು ನಡುವೆ ಇಟ್ಟು ಹರಡಿದರೆ ಆ ಏಳೂ ಮೂರು ಸಾಲಿಗೆ ಹಂಚಿಹೋಗುತ್ತವೆ, ಒಂದು ಸಾಲಿಗೆ ಹೆಚ್ಚೆಂದರೆ ಮೂರು. ಹೀಗಾಗಿ ಎರಡನೆಯ ಸಲ ಉಳಿಯುವುದು ಎರಡೋ ಮೂರೋ. ಅವನ್ನೂ ನಡುವೆ ಇಟ್ಟು ಹರಡಿದರೆ ಸಾಲಿಗೊಂದರಂತೆ ಬೀಳುತ್ತವೆ, ಅದೂ ಸಾಲಿನ ನಟ್ಟನಡುವೆ, ನಾಲ್ಕನೆಯದಾಗಿ. ಕೊನೆಗೆ ಆ ಸಾಲಿನ ಮೇಲೆ ಇನ್ನೊಂದು ಸಾಲಿನ ಏಳು ಎಲೆ ಕೂರುತ್ತವೆ. ಏಳು, ನಾಲ್ಕು, ಹನ್ನೊಂದು.

"ಅಂದ್ರ ಎಲಿ ಹಚ್ಚಾಂವನ ಕೈಗುಣ ಏನೂ ಇಲ್ಲ?"

"ಏನಿಲ್ರಿ. ನಡುವ ಇಡೂದು ಮರೀಬಾರದು, ಅಷ್ಟ."

ಅವರು ನಕ್ಕು ಸಹಿ ಹಾಕಿದರು. "ಇನ್ನೊಮ್ಮೆ ಮಾಡೂ ಮುಂದ ಕೋರಾ ಕಾಗದ ತಗೋ ತಾಯಿ."

ಪ್ರಮಾಣಪತ್ರ ಬಂದ ದಿನ ಬಸ್ಸು ತಪ್ಪಿತು. ಮಾವನೇ ಬೈಕಿನಲ್ಲಿ ಕೊಪ್ಪಳಕ್ಕೆ ಕರೆದುಕೊಂಡು ಹೋದ. ಆಫೀಸಿನ ಕಿಟಕಿಯಲ್ಲಿ ನನ್ನಿಂದ ಸಹಿ ಮಾಡಿಸಿಕೊಂಡು ಕಾಗದವನ್ನು ಕೈಗಿತ್ತರು. ನಮ್ಮ ಮನೆಯ ಮೊದಲ ಪದವೀಧರೆ ನಾನು. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮಾವ ಅದನ್ನು ಇಸಿದುಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದ, ಹಿಂಬದಿಯನ್ನೂ ತಿರುಗಿಸಿ ನೋಡಿದ. ಆಮೇಲೆ ನನ್ನ ಕೈಗೇ ಕೊಟ್ಟು ಕೇಳಿದ:

"ನನ್ನ ಸಣ್ಣ ಮಗಳು ಹತ್ತನೇತ್ತ ಮುಗಸ್ಯಾಳ. ಸೈನ್ಸ್ ಕೊಡಸೂನೋ, ಆರ್ಟ್ಸೋ? ನೀ ಹೇಳವ್ವಾ, ನನಗ ತಿಳಿಯೂದಿಲ್ಲ."