ಅತ್ತೆ ಗೊಣಗುವ ಹುಳದ ಮನೆ

ಬಂಗಾಳಕೊಲ್ಲಿಯಲ್ಲಿ ಸೈಕ್ಲೋನ್ ಎದ್ದರೆ, ಸಮುದ್ರವನ್ನೇ ಕಾಣದ ಶಿಡ್ಲಘಟ್ಟದಲ್ಲಿ ನನ್ನ ಮನೆಯ ಬಾಗಿಲು ಬಡಿಯುವ ಸದ್ದಾಗುತ್ತಿತ್ತು. ತೆಗೆದರೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಪಕ್ಕದ ಮನೆಯಾಕೆ.

"ಮದ್ರಾಸ್ ಕಡೆ ಎದ್ದೈತಂತೆ ಕಣಮ್ಮ. ಇನ್ನು ನಮ್ಮತ್ತೆ ಬರ್ತಾಳೆ. ಹಳೇ ಸೀರೆ ಇದ್ರೆ ಕೊಡು."

ಅವರ ಅತ್ತೆ ಸತ್ತು ಎಷ್ಟೋ ಕಾಲವಾಗಿತ್ತು. ಆದರೂ ಜಡಿಮಳೆ ಹಿಡಿದಾಗಲೆಲ್ಲ ರೇಷ್ಮೆಹುಳ ಸಾಕುವ ಕೋಣೆಗೆ ಬಂದು ಕೂತು, ಹುಳಕ್ಕೆ ಒದ್ದೆ ಸೊಪ್ಪು ಹಾಕಬೇಡವೆಂದು ಗೊಣಗುತ್ತಾರಂತೆ. ಅದು ಹುಳ ಸೊಪ್ಪು ಮೇಯುವ ಸದ್ದು ಎಂದು ಹೇಳಿ ಹೇಳಿ ನಾನು ಸೋತೆ. ಪಕ್ಕದ ಮನೆಯಾಕೆಯ ಡಿಗ್ರಿ ಓದಿದ ಸೊಸೆಯೂ ನನ್ನ ಪಕ್ಷವೇ; ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ಒಮ್ಮೆ ನಾನು ಸ್ನಾನಕ್ಕೆ ಹೋಗಿದ್ದಾಗ, ಮದುವೆಗೆಂದು ಇಸ್ತ್ರಿ ಮಾಡಿಟ್ಟಿದ್ದ ಕಾಟನ್ ಸೀರೆಯೇ ಹೋಯಿತು. ಜಗಳಕ್ಕೆಂದು ಹೋದರೆ, ಆಕೆ ಅದರಲ್ಲೇ ಒಂದೊಂದು ಎಲೆ ಒರೆಸುತ್ತ ಖಾಲಿ ಮೂಲೆಯನ್ನು ಗದರುತ್ತಿದ್ದರು: "ಒರೆಸ್ತಾ ಇದೀನಲ್ಲತ್ತೆ! ಇನ್ನೂ ಯಾಕೆ ಗೊಣಗ್ತೀಯ?" ಆಮೇಲೆ ನನ್ನತ್ತ ತಿರುಗಿ, "ನೀನೂ ಒಂದು ತುದಿ ಹಿಡ್ಕೊಂಡು ಒರೆಸಮ್ಮ" ಎಂದರು. ಒರೆಸಿದೆ. ಇಂಥವರ ಹತ್ತಿರ ಏನು ಜಗಳವಾಡುವುದು?

ಹೋದ ವರ್ಷ ಆಕೆ ತೀರಿಕೊಂಡರು. ನಾನು ಅತ್ತದ್ದೂ ನಿಜ, ಇನ್ನಾದರೂ ನನ್ನ ಸೀರೆಗಳು ಬದುಕಿದವು ಅಂದುಕೊಂಡದ್ದೂ ನಿಜ.

ಮೊನ್ನೆ ಟಿವಿಯಲ್ಲಿ ಚೆನ್ನೈಗೆ ಸೈಕ್ಲೋನ್ ಎಂದರು. ಮಾರನೆಯ ಸಂಜೆ ಜಡಿಮಳೆಯಲ್ಲಿ ಬಾಗಿಲು ಬಡಿದ ಸದ್ದಾಯಿತು. ಸೊಸೆ ನಿಂತಿದ್ದಳು. ಮುಖದಲ್ಲಿ ನಗುವಿರಲಿಲ್ಲ.

"ಹಳೇ ಸೀರೆ ಇದ್ರೆ ಕೊಡ್ತೀರಾ ಆಂಟಿ? ಬೆಳಿಗ್ಗೆಯಿಂದ ಇಬ್ರೂ ಗೊಣಗ್ತಾ ಇದಾರೆ."