ಅಂಗೈಯಷ್ಟೇ ಬೆಚ್ಚಗಿದ್ದ ಕಡೆ

ಪುಟ್ಟೀ, ಚಿಕ್ಕೂ, ಇದನ್ನು ನಿಮ್ಮ ಅಜ್ಜಿ ನಾನು ಬಾಯಲ್ಲೇ ಹೇಳಬಹುದಿತ್ತು. ಆದರೆ ನಾಲ್ಕು ಜನ ಎದುರು ಕೂತರೆ ನನಗೆ ಮಾತು ಜೋಡಿಸಲು ಬರುವುದಿಲ್ಲ. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಮಾತ್ರ ಇನ್ನೂ ಕೈಬಿಟ್ಟಿಲ್ಲ. ನಿಧಾನವಾಗಿ ಓದಿ.

ನಮ್ಮ ಮುಲುಂಡಿನ ಮನೆಯ ಬಾಲ್ಕನಿಯಲ್ಲಿರುವ ದೊಡ್ಡ ಸ್ಟೀಲ್ ಪಾತ್ರೆ ನಿಮ್ಮ ಅಜ್ಜ ಮಾಡಿದ್ದು. ಅವರು ಬಾಂದ್ರಾದ ಒಂದು ಹೋಟೆಲಿನಲ್ಲಿ ಮೂವತ್ತು ವರ್ಷ ಸಾಂಬಾರಿನ ಪಾತ್ರೆಯ ಮುಂದೆ ನಿಂತವರು. ನಿಮ್ಮ ಅಪ್ಪನಿಗೆ ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಹಿಡಿದಾಗ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು.

"ಗ್ಯಾಸಿನಲ್ಲಿ ಬೇಡ ಮಾರಾಯ, ಅಡಿ ಹಿಡೀತದೆ. ಕರೆಂಟಿನದ್ದು ಮಾಡುವ. ಮೊದಲ ಗ್ಲಾಸು ನನಗೆ, ಈಗಲೇ ಹೇಳಿದ್ದೇನೆ."

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಉಗುರುಬೆಚ್ಚಗಿನ ನೀರಿಗೆ ಸುರಿದು, ನಿಧಾನವಾಗಿ ಬಿಸಿ ಏರಿಸಬೇಕು. ಪಾತ್ರೆಯ ಎಲ್ಲ ಕಡೆಯೂ ಅರವತ್ತೈದು ಡಿಗ್ರಿಯ ಹತ್ತಿರ ನಿಂತರೆ ಮಾತ್ರ ಆ ನೀರು ಸಿಹಿಯಾಗುತ್ತದೆ. ಇದಕ್ಕಾಗಿ ಅಪ್ಪ ಮಗ ಎಷ್ಟೋ ಭಾನುವಾರ ಕಾಗದದ ಮೇಲೆ ಗೆರೆ ಎಳೆದರು. ಕೊನೆಗೆ ಅಜ್ಜನೇ ವರ್ಕ್‌ಶಾಪಿಗೆ ಹೋಗಿ ಕರೆಂಟಿನಲ್ಲಿ ಕಾಯುವ ಕಾಯಿಲ್ ಬಗ್ಗಿಸಿಕೊಂಡು ಬಂದು, ತಳದಲ್ಲಿ ಕೂರಿಸಿ, ಮೇಲೆ ತೂತಿನ ತಟ್ಟೆ ಬಿಗಿದರು. ಬರೀ ನೀರು ಕಾಯಿಸಿ ನೋಡುವಾಗಲೂ ಬಾಲ್ಕನಿಯ ಬಾಗಿಲಿನ ಕಡೆ ನಿಂತು ಉದ್ದದ ಮರದ ಸೌಟಿನಿಂದ ತೊಳಸುತ್ತಿದ್ದರು. ತೊಳಸಿದ ಮೇಲೆ ಸೌಟನ್ನು ಅಂಚಿಗೆ ಎರಡು ಸಲ ಬಡಿಯುವುದು ಅವರ ಹೋಟೆಲಿನ ಅಭ್ಯಾಸ. ಟಕ್, ಟಕ್. ಬಾರ್ಲಿ ಮನೆಗೆ ಬರುವ ಮೊದಲೇ ಅವರು ಹೋಗಿಬಿಟ್ಟರು.

ನಮ್ಮ ಕಡೆ ಆಟಿ ತಿಂಗಳಲ್ಲಿ, ಈ ಮಳೆಗಾಲದ ನಡುವೆಯೇ, ತೀರಿಕೊಂಡವರಿಗೆ ಎಲೆ ಹಾಕಿ ಬಡಿಸುತ್ತೇವೆ. ಅವರಿಗೆ ಇಷ್ಟವಾದದ್ದೆಲ್ಲ ಇಡಬೇಕು. ಮೊದಲ ವರ್ಷದ ಎಲೆಯಲ್ಲಿ ಏನಾದರೂ ಕಡಿಮೆಯಾದರೆ ಹೋದವರು ಹಸಿದೇ ತಿರುಗುತ್ತಾರೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಆ ಮೊದಲ ಗ್ಲಾಸನ್ನು ಎಲೆಯ ಪಕ್ಕ ಇಡಲೇಬೇಕು ಎಂದು ನಿಮ್ಮ ಅಪ್ಪ ಹಟ ಹಿಡಿದ.

"ಕೆಳಗಿನ ಮನೆಯವರು ವಾಸನೆ ಎಂತದ್ದು ಅಂತ ಕೇಳಿದರೆ ಎಂತ ಹೇಳುವುದು ಅತ್ತೆ, ಅಂಬಲಿ ಅಂತಲಾ?" ಎಂದು ನಿಮ್ಮ ಅಮ್ಮ ನಕ್ಕಳು.

ಇನ್ನೊಂದು ಕ್ರಮವೂ ನಮ್ಮಲ್ಲಿದೆ. ವರ್ಷ ತುಂಬುವವರೆಗೆ ಹೋದವರು ನಿಲ್ಲುತ್ತಿದ್ದ, ಕೂರುತ್ತಿದ್ದ ಜಾಗವನ್ನು ಖಾಲಿ ಬಿಡುತ್ತೇವೆ. ಅದಕ್ಕೇ ಬಾರ್ಲಿ ಬಂದು ಮೊದಲ ಸಲ ಕಾಯಿಸುವಾಗ ಬಾಗಿಲಿನ ಕಡೆ ಯಾರೂ ನಿಲ್ಲಲಿಲ್ಲ. ನಿಮ್ಮ ಅಪ್ಪ ಕಿಟಕಿಯ ಕಡೆಯಿಂದಲೇ ತೊಳಸಿದ.

ಸ್ವಲ್ಪ ಹೊತ್ತಿಗೆ ಕಿಟಕಿಯ ಕಡೆಯ ಥರ್ಮಾಮೀಟರು ಎಪ್ಪತ್ತಾರು ತೋರಿಸಿತು. ಬಾಗಿಲಿನ ಕಡೆಯದು ಮೂವತ್ತೇಳು.

"ಇದು ಖರಾಬ್ ಆಗಿದೆ," ಎಂದು ಅವನು ಎರಡನ್ನೂ ಅದಲುಬದಲು ಮಾಡಿದ. ಈಗ ಖರಾಬಾದದ್ದು ಎಪ್ಪತ್ತಾರು ತೋರಿಸಿತು. ಒಳ್ಳೆಯದು ಮೂವತ್ತೇಳಕ್ಕೆ ಇಳಿಯಿತು. ಅವನು ನನ್ನ ಮುಖ ನೋಡಿದ.

ಅವನು ಸ್ವಿಚ್ ಆರಿಸಿ ಒಳಗೆ ಹೋದಾಗ ನಾನು ಪಕ್ಕದಿಂದಲೇ ಬಾಗಿ ಆ ಕಡೆ ಬೆರಳು ಅದ್ದಿದೆ. ಬಿಸಿಯೂ ಅಲ್ಲ, ತಣ್ಣಗೂ ಅಲ್ಲ. ಮೈಯಷ್ಟೇ ಬೆಚ್ಚಗಿತ್ತು. ದಪ್ಪ ಗಂಜಿಯೊಳಗೆ ಯಾರೋ ನನ್ನ ಕೈ ಹಿಡಿದುಕೊಂಡ ಹಾಗಾಯಿತು. ನಾನು ಕೈ ತೆಗೆಯಲಿಲ್ಲ. ಹೆಜ್ಜೆಯ ಸದ್ದು ಕೇಳಿದ ಮೇಲೆಯೇ ತೆಗೆದು ಸೆರಗಿಗೆ ಒರೆಸಿಕೊಂಡೆ.

ಆ ಸಲದ್ದೆಲ್ಲ ಹಾಳಾಯಿತು. ಒಂದು ಕಡೆ ಸೀದಿತ್ತು, ಇನ್ನೊಂದು ಕಡೆ ಹಸಿ ಹಿಟ್ಟಿನ ರುಚಿ. ಆ ಸಿಹಿ ನೀರು ಹುದುಗಿ ಬಿಯರ್ ಆಗಲು ಮೂರು ವಾರ ಬೇಕು. ಆಟಿ ಮುಗಿಯುವುದರೊಳಗೆ ಇನ್ನು ಒಂದೇ ಸಲಕ್ಕೆ ಸಮಯವಿತ್ತು. ನಿಮ್ಮ ಅಪ್ಪ ತಟ್ಟೆ ಬಿಚ್ಚಿದ. ಕಾಯಿಲ್ ಪೂರ್ತಿ ಸುತ್ತು ಬಂದಿರಲಿಲ್ಲ. ಬಾಗಿಲಿನ ಕಡೆ ತಳ ಬರಿದಾಗಿತ್ತು.

"ಅಪ್ಪ ಮರೆತರಾ ಅಮ್ಮಾ? ಅವರು ಹಾಗೆ ಮರೆಯುವವರಲ್ಲ. ಇರಲಿ, ಇದನ್ನು ತೆಗೆದು ಪೂರಾ ರೌಂಡಿನದ್ದು ಹಾಕ್ತೇನೆ."

ನನಗೆ ಗೊತ್ತಿತ್ತು, ಮಕ್ಕಳೇ. ಬೆರಳು ಅದ್ದಿದ ಕ್ಷಣವೇ ಗೊತ್ತಾಗಿತ್ತು. ಹೋಟೆಲಿನ ದೊಡ್ಡ ಒಲೆಯಲ್ಲಿ ತೊಳಸುವವನು ನಿಲ್ಲುವ ಕಡೆಗೆ ಬೆಂಕಿ ಇಡುವುದಿಲ್ಲ, ಇಟ್ಟರೆ ಹೊಟ್ಟೆ ಸುಡುತ್ತದೆ. ಅಷ್ಟು ಭಾಗಕ್ಕೆ ಬೇಕಾದ ಬಿಸಿಯನ್ನು ಅವನ ಸೌಟೇ ಎಳೆದು ತರಬೇಕು. ಅಜ್ಜ ಮನೆಯ ಪಾತ್ರೆಯಲ್ಲೂ ತಾವು ನಿಲ್ಲುವ ಜಾಗ ಬಿಟ್ಟುಕೊಂಡಿದ್ದರು. ನಾವು ಮರ್ಯಾದೆ ಎಂದು ಖಾಲಿ ಬಿಟ್ಟದ್ದೇ ತಪ್ಪಾಗಿತ್ತು. ಆದರೆ ಕಾಯಿಲ್ ಬದಲಿಸಿದರೂ, ನಾವೇ ಅಲ್ಲಿ ನಿಂತು ತೊಳಸಿದರೂ ಆ ಬೆಚ್ಚಗಿನ ಕಡೆ ಇಲ್ಲವಾಗುತ್ತದೆ. ಎರಡು ದಿನ ಬಾಯಿ ಬಿಡಲಿಲ್ಲ. ಮೂರನೆಯ ದಿನ ಮೊದಲ ಗ್ಲಾಸಿಲ್ಲದ ಅವರ ಎಲೆ ಕಣ್ಣ ಮುಂದೆ ಬಂತು.

"ಕಾಯಿಲ್ ಮುಟ್ಟಬೇಡ," ಎಂದೆ. "ಅಲ್ಲಿ ಜನ ಬೇಕು. ಸೌಟು ಕೊಡು."

"ಅಮ್ಮಾ, ಅದು ಅಪ್ಪನ ಜಾಗ."

"ಗೊತ್ತುಂಟು. ಕೊಡು."

ನಿಂತೆ. ಬೆನ್ನ ಹಿಂದೆ ಬಾಗಿಲ ಪಕ್ಕದ ಗೋಡೆಯಿರುವುದು ಒಂದು ಮೊಳ ದೂರದಲ್ಲಿ. ಆದರೂ ಯಾರೋ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಕೊಟ್ಟ ಹಾಗಾಯಿತು. ತೊಳಸಿದೆ. ಮೂವತ್ತೇಳು ಬಹಳ ಹೊತ್ತು ಅಲುಗಲಿಲ್ಲ. ಆಮೇಲೆ ಒಂದೊಂದೇ ಏರಿ, ಎರಡು ಥರ್ಮಾಮೀಟರುಗಳೂ ಅರವತ್ತೈದಕ್ಕೆ ಬಂದು ನಿಂತವು. ಅಲ್ಲಿಗೆ ಅದು ಬರೀ ಬಿಸಿ ಗಂಜಿಯಾಯಿತು.

ಬಡಿಸುವ ದಿನ ನೀವಿಬ್ಬರೂ ಇದ್ದಿರಿ. ಎಲೆ ಹಾಕಿ, ಪಕ್ಕದಲ್ಲಿ ಗ್ಲಾಸಿಟ್ಟು, ಕೋಣೆಯ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬೆನ್ನು ಹಾಕಿ ಕೂತೆವು. ಒಳಗಿನಿಂದ ಎರಡು ಸಲ ಸದ್ದು ಬಂತು.

"ಪಾರಿವಾಳ," ಎಂದಳು ನಿಮ್ಮ ಅಮ್ಮ.

"ಖಿಡ್ಕಿ ಬಂದ್ ಉಂಟಲ್ಲ ಮಮ್ಮಿ," ಎಂದೆ ನೀನು, ಪುಟ್ಟೀ.

ಬಾಗಿಲು ತೆರೆದಾಗ ಗ್ಲಾಸು ತುಂಬಿಯೇ ಇತ್ತು. ಬಾಲ್ಕನಿಯಲ್ಲಿ ತೊಳೆದು ಒಣಗಿಸಿಟ್ಟಿದ್ದ ಸೌಟು ಮಾತ್ರ ಒದ್ದೆಯಾಗಿತ್ತು. ಮಳೆಯ ಎರಚಲು ಇರಬಹುದು.

ಈಗಲೂ ಅಲ್ಲಿ ನಿಲ್ಲುವವಳು ನಾನೇ. ನನ್ನ ನಂತರ ಯಾರೂ ಅದನ್ನು ಖಾಲಿ ಬಿಡಬೇಡಿ, ನನ್ನ ಜಾಗವೆಂದು ಮರ್ಯಾದೆ ತೋರಿಸುವುದೂ ಬೇಡ. ನಿಮ್ಮಲ್ಲಿ ಒಬ್ಬರು ಸೌಟು ಹಿಡಿದು ನಿಲ್ಲಿ. ಮೊದಲು ಬೆರಳು ಅದ್ದಿ ನೋಡಿದರೂ ತಪ್ಪಿಲ್ಲ, ಆದರೆ ಸ್ವಿಚ್ ಆರಿಸಿ. ಈ ಹಾಳೆಗಳನ್ನು ಬಾಲ್ಕನಿಯಲ್ಲಿ ಬಿಡಬೇಡಿ, ಆವಿಗೆ ಶಾಯಿ ಹರಡುತ್ತದೆ. ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿ, ಅಜ್ಜನ ಬಿಳಿ ಪಂಚೆಯ ಮಡಿಕೆಯೊಳಗೆ ಜೋಪಾನವಾಗಿಡಿ.